ತಂಗಿಯ ಅರ್ಜಿ

ಅಕ್ಕ ಪರದೆಯ ಮೇಲಿನ ಗುಂಡಿ ಒತ್ತಿದಳು. ಗ್ರಾಹಕನ ಹೆಸರು ಬರಬೇಕಾದ ಜಾಗದಲ್ಲಿ ಐದನೆಯ ಸಲವೂ 'ಅನ್‌ಡಿಫೈನ್ಡ್', ಅಂದರೆ ಇಲ್ಲಿ ಏನೂ ಇಲ್ಲ, ಎಂದೇ ಬಂತು. ಹದಿನೇಳು ವರ್ಷದಲ್ಲಿ ವಿಮಾ ಕಂಪನಿಯೊಂದರ ಅರ್ಧ ತಂತ್ರಾಂಶವನ್ನು ಜಾವಾ ಭಾಷೆಯಲ್ಲಿ ಬರೆದವಳು, ಊಟದ ಮೇಜಿನ ಮುಂದೆ ಕೂತು ಲ್ಯಾಪ್‌ಟಾಪನ್ನು ದುರುಗುಟ್ಟಿ ನೋಡಿದಳು. ಒಳಕೋಣೆಯಿಂದ ಮಗಳ ನಗು ಕೇಳಿಸಿತು, ಅದರ ಬೆನ್ನಿಗೇ ತಂಗಿಯದು. ಭಾನುವಾರವೆಂದು ಬಂದಿದ್ದ ತಂಗಿ ಗಂಟೆಯೊಳಗೆ ಹುಡುಗಿಗೆ ಜಾವಾಸ್ಕ್ರಿಪ್ಟಿನಲ್ಲಿ, ಹೆಸರಲ್ಲಷ್ಟೇ ಜಾವಾದ ನೆಂಟನಾದ ಆ ಭಾಷೆಯಲ್ಲಿ, ಪುಟ್ಟ ಆಟವೊಂದನ್ನು ಬರೆಯಲು ಕಲಿಸಿಬಿಟ್ಟಿದ್ದಳು. ಅಮ್ಮ ಎರಡು ವರ್ಷದಿಂದ ಕಲಿಸುತ್ತೇನೆ ಬಾ ಎಂದು ಕರೆದರೂ ಹತ್ತಿರ ಸುಳಿಯದಿದ್ದ ಹುಡುಗಿ.

ತಂಗಿ ಡಿಗ್ರಿ ಅರ್ಧಕ್ಕೆ ಬಿಟ್ಟು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಆಹ್ವಾನಪತ್ರ ಜೋಡಿಸುತ್ತಿದ್ದವಳು. ಅಲ್ಲಿಂದ ವೆಬ್ ಪುಟಗಳ ಕೆಲಸಕ್ಕೆ ಬಂದಾಗ, "ಗುಂಡಿ ಕುಣಿಸೋ ಕೆಲಸ" ಎಂದು ಅಕ್ಕ ಮನೆಮಂದಿಯೆದುರು ತಮಾಷೆ ಮಾಡಿದ್ದಳು; ಎಲ್ಲರಿಗಿಂತ ಜೋರಾಗಿ ತಂಗಿಯೇ ನಕ್ಕಿದ್ದಳು. ಈಗ ಅಕ್ಕನ ಆಫೀಸು ತಂತ್ರಾಂಶದ ಹಳೆಯ ಪರದೆಗಳನ್ನೆಲ್ಲ ಜಾವಾಸ್ಕ್ರಿಪ್ಟಿಗೆ ಬದಲಿಸಲು ಹೊರಟಿತ್ತು. ಇದ್ದವರು ತಿಂಗಳೊಳಗೆ ಕಲಿತು ಪರೀಕ್ಷೆ ಬರೆಯಬೇಕು. ಬಲ್ಲವರನ್ನು ಇಬ್ಬರನ್ನು ಹೊಸದಾಗಿ ತೆಗೆದುಕೊಳ್ಳುತ್ತಾರೆ. ಸುದ್ದಿ ತಿಳಿದ ತಂಗಿ ಅರ್ಜಿ ಬರೆದು, ಮ್ಯಾನೇಜರಿಗೆ ತಲುಪಿಸು ಎಂದು ಅಕ್ಕನಿಗೇ ಕಳಿಸಿದ್ದಳು. ಅಕ್ಕ ಆಗಲ್ಲ ಎನ್ನಲಿಲ್ಲ. ನಾಳೆ ಕೊಟ್ಟರಾಯಿತು ಎಂದು ಹನ್ನೆರಡು ದಿನ ತಳ್ಳಿದಳು. ಮೊನ್ನೆ ಶುಕ್ರವಾರ ಗಡುವು ಮುಗಿದಿತ್ತು.

"ಅಮ್ಮ, ಚಿಕ್ಕಮ್ಮನ್ನ ಕೇಳು, ಅವರಿಗೆ ಎಲ್ಲಾ ಬರುತ್ತೆ," ಎಂದಳು ಬಾಗಿಲಲ್ಲಿ ಇಣುಕಿದ ಮಗಳು. ಅಕ್ಕ ಲ್ಯಾಪ್‌ಟಾಪನ್ನು ಇನ್ನಷ್ಟು ತನ್ನತ್ತ ತಿರುಗಿಸಿಕೊಂಡಳು.

ತಂಗಿ ಬಂದು ಪಕ್ಕದ ಕುರ್ಚಿ ಎಳೆದುಕೊಂಡಳು. ಅಕ್ಕ ಬರೆದ ಕೋಡಿನಲ್ಲಿ ಕ್ಲಾಸು ಎಂಬ ಚೌಕಟ್ಟು, ಅದರೊಳಗೆ ಕೆಲಸ ಮಾಡುವ ಮೆಥಡ್ಡು, ಎಲ್ಲ ಎಷ್ಟು ಅಚ್ಚುಕಟ್ಟಾಗಿದೆ ಎಂದು ಮೆಚ್ಚಿದಳು. ಅದೂ ಅಕ್ಕನಿಗೆ ಚುಚ್ಚಿತು.

"ಜಾವಾದಲ್ಲಿ ಮೆಥಡ್ ತನ್ನ ಆಬ್ಜೆಕ್ಟ್ ಬಿಟ್ಟು ಕದಲಲ್ಲ, ಅಲ್ವಾ ಅಕ್ಕಾ? ಇಲ್ಲಿ ಹಾಗಿಲ್ಲ. ಫಂಕ್ಷನ್ ಒಂದನ್ನೇ ಎತ್ಕೊಂಡು ಎಲ್ಲಿಗೆ ಬೇಕಾದ್ರೂ ಕೊಡಬಹುದು. ನೀನು ಗುಂಡಿಗೆ ಕೊಟ್ಟೆ. ಒತ್ತಿದಾಗ ಕರೆದಿದ್ದು ಗುಂಡಿ. ಆಗ ಒಳಗಿರೋ 'ದಿಸ್', ಅಂದ್ರೆ 'ಇದು', ತೋರ್ಸೋದು ನಿನ್ನ ಗ್ರಾಹಕನ್ನಲ್ಲ, ಆ ಗುಂಡಿಯನ್ನ. ಅದರ ಹತ್ರ ಗ್ರಾಹಕನ ಹೆಸರು ಎಲ್ಲಿಂದ ಬರ್ಬೇಕು?"

ಒಂದೇ ಸಾಲು ಬದಲಿಸಿ, ಗ್ರಾಹಕನ ಮೂಲಕವೇ ಹೋಗುವಂತೆ ಆ ಕರೆಯನ್ನು ಬಾಣದ ಗುರುತಿನ ಪುಟ್ಟ ಫಂಕ್ಷನ್ನಿನೊಳಗೆ ಇಟ್ಟಳು. ಹೆಸರು ಬಂತು. ಎರಡು ದಿನ ತಲೆ ಚಚ್ಚಿಕೊಂಡದ್ದು ಎರಡು ನಿಮಿಷದಲ್ಲಿ ಮುಗಿಯಿತು. ತಂಗಿ ಬೀಗಲಿಲ್ಲ. ಬೀಗಿದ್ದರೆ ಚೆನ್ನಾಗಿತ್ತು ಎನಿಸಿತು ಅಕ್ಕನಿಗೆ.

"ನಿನ್ನ ಅರ್ಜಿ ನಾನು ಕೊಟ್ಟಿಲ್ಲ ಕಣೆ," ಎಂದಳು, ಪರದೆಯನ್ನೇ ನೋಡುತ್ತ.

ತಂಗಿಯ ಬೆರಳುಗಳು ನಿಂತವು. "ಮರ್ತುಹೋಯ್ತಾ?"

"ಇಲ್ಲ. ಹೊಟ್ಟೆಕಿಚ್ಚು."

ತಂಗಿ ಕುರ್ಚಿಯನ್ನು ತುಸು ದೂರ ಸರಿಸಿಕೊಂಡಳು. ಆಮೇಲೆ ಮುಂದಿನ ಪಾಠ ತೆರೆದು, ಇಲ್ಲಿ ಮಾಹಿತಿ ಇಡುವ ವೇರಿಯಬಲ್ ಯಾವ ಬಗೆಯದೆಂದು ಮೊದಲೇ ಹೇಳಬೇಕಿಲ್ಲ, ಇಂದು ಸಂಖ್ಯೆ ಇಟ್ಟಲ್ಲಿ ನಾಳೆ ಅಕ್ಷರ ಇಡಬಹುದು ಎಂಬುದನ್ನು, ಗುರುತಿಲ್ಲದವರಿಗೆ ಹೇಳಿಕೊಡುವಂತೆ ನಿಧಾನವಾಗಿ ವಿವರಿಸಿದಳು. ಒಂದು ಸಲವೂ ಅಕ್ಕಾ ಎನ್ನಲಿಲ್ಲ. ಊಟಕ್ಕೆ ನಿಲ್ಲದೆ ಹೊರಟುಹೋದಳು.

ಸೋಮವಾರ ಅಕ್ಕ ಅರ್ಜಿ ಹಿಡಿದು ಮ್ಯಾನೇಜರರ ಮುಂದೆ ನಿಂತು, ತಡವಾದದ್ದು ತನ್ನಿಂದಲೇ, ತಂಗಿಯ ತಪ್ಪಿಲ್ಲ ಎಂದಳು. ಏಕೆಂದು ಕೇಳಿದಾಗ ನೆಪ ಹುಡುಕಲಿಲ್ಲ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಒಂದು ಜಾಗ ಇನ್ನೂ ಉಳಿದಿದೆ, ನೋಡೋಣ ಎಂದರು.

ಗುರುವಾರದ ಸಂದರ್ಶನಕ್ಕೆ ಕರೆ ಬಂದದ್ದನ್ನು ತಂಗಿ ಅಕ್ಕನಿಗೆ ತಿಳಿಸಲಿಲ್ಲ, ಹೇಳಿದ್ದು ಮಗಳು. ಆ ದಿನ ಆಫೀಸಿನ ಗಾಜಿನ ಕೋಣೆಯೊಳಗೆ ತಂಗಿ ಬೋರ್ಡಿನ ಮೇಲೆ ಬರೆಯುತ್ತ ವಿವರಿಸುತ್ತಿದ್ದಳು. ಅಕ್ಕನ ಮಾತನ್ನು ಒಮ್ಮೆಯೂ ಪೂರ್ತಿ ಕೇಳಿಸಿಕೊಳ್ಳದ ಹಿರಿಯ ಇಂಜಿನಿಯರು ಮುಂದಕ್ಕೆ ಬಾಗಿ ಕೂತಿದ್ದರು. ಹೊರಗೆ ತನ್ನ ಜಾಗದಲ್ಲಿ ಕೂತಿದ್ದ ಅಕ್ಕನಿಗೆ ಅದೇ ಹೊಟ್ಟೆಕಿಚ್ಚು ಮರಳಿತು.

ಒಳಗೆ ತಂಗಿ ಮಾತು ನಿಲ್ಲಿಸಿ ಕೆಮ್ಮಿದಳು. ತುಸು ತಡೆದು ಮತ್ತೆ ಕೆಮ್ಮಿದಳು. ಅಕ್ಕ ಎದ್ದು ಲೋಟಕ್ಕೆ ನೀರು ತುಂಬಿಸಿ, ಬಾಗಿಲು ಸರಿಸಿ, ಯಾರ ಮುಖವನ್ನೂ ನೋಡದೆ ಮೇಜಿನ ಮೇಲಿಟ್ಟು ಹೊರಬಂದಳು. ತನ್ನ ಜಾಗದಲ್ಲಿ ಕೂತು ತಲೆಯೆತ್ತಿದಾಗ ತಂಗಿ ಬೆನ್ನು ಮಾಡಿ ಬರೆಯುತ್ತಲೇ ಇದ್ದಳು. ತುಂಬಿದ ಲೋಟ ಬಹಳ ಹೊತ್ತು ಯಾರೂ ಮುಟ್ಟದೆ ಇಟ್ಟಲ್ಲೇ ಇತ್ತು.