ಬಿನತಾರಿ ಬಾಯಿ

“ತಗೀರಿ ಆ ಪಟ್ಟೀನ!” ಎನ್ನುತ್ತಲೇ ಶಿವರುದ್ರಪ್ಪ ಅಕ್ಕನ ಕೊರಳಿನ ಹಾರಕ್ಕೆ ಕಟ್ಟಿದ್ದ, ಮರಾಠಿ ಕೆಂಪಕ್ಷರದ ಬಟ್ಟೆಪಟ್ಟಿಗೆ ಕೈಹಾಕಿ ಜಗ್ಗಿದ. ಅಂತ್ಯಯಾತ್ರೆಯ ಹೂವಿನ ವಿಮಾನದಲ್ಲಿ ಕೂಡಿಸಿದ್ದ ರುದ್ರವ್ವ ಒಮ್ಮೆ ಓಲಾಡಿ, ಸಭೆಯಲ್ಲಿ ತೂಕಡಿಸಿ ಎಚ್ಚತ್ತವಳಂತೆ ಮತ್ತೆ ನೆಟ್ಟಗೆ ಕೂತಳು.

“ಮಾಮಾ, ಮುಟ್ಟಬ್ಯಾಡ್ರಿ.” ಶಾಮಲಾ ಅಡ್ಡ ನಿಂತಳು. ಪುಣೆಯ ನಾನಾ ಪೇಟೆಯ ಈ ಮನೆಯಲ್ಲಿ ದೊಡ್ಡವ್ವ ರುದ್ರವ್ವನ ಕೈತುತ್ತು ತಿಂದು ಬೆಳೆದವಳು ಅವಳು. “ಕಾರ್ಖಾನಿ ಹೆಣ್ಣಮಕ್ಕಳು ಪ್ರೀತಿಲೆ ತಂದಾರ.”

“ಪ್ರೀತಿ? ಮರಾಠಿ ಓದಾಕ ಬರಂಗಿಲ್ಲ, ಕಿವಿ ಅದಾವ ನನಗ. ಬಿನತಾಳಿ ಬಾಯಿ! ತಾಳಿ ಇಲ್ಲದಾಕಿ! ಸತ್ತ ಮ್ಯಾಲೂ ಮಾನಾ ಕಳೀಬೇಕ?”

“ಕಟ್ಟಿಸ್ಕೊಂಡಿದ್ರ ಅಲ್ಲೇನ ತಾಳಿ?” ಮೂಲೆಯಿಂದ ಯಂಕವ್ವತ್ತಿ ಮೂಗು ಮುರಿದಳು. “ಪೌಡರ ಹಚ್ಚಿಕೊಂಡು ಪರದೆ ಮ್ಯಾಲ ಕುಣಿದಾಕಿ. ದಿನಕ್ಕೊಬ್ಬ ರಾಜಾ, ದಿನಕ್ಕೊಂದು ಮದುವಿ.”

ಗದುಗಿನಿಂದ ಬಂದಿದ್ದ ನೆಂಟರು ನಕ್ಕರು. ಬಾಗಿಲಾಚೆ ನೀಲಿ ಏಪ್ರನ್ನಿನಲ್ಲೇ ಬಂದು ನಿಂತಿದ್ದ ಕಾರ್ಖಾನೆಯ ಹೆಂಗಸರಿಗೆ ಕನ್ನಡ ತಿಳಿಯದಿದ್ದರೂ ಆ ನಗು ತಿಳಿಯಿತು.

*

ಯುದ್ಧ ಮುಗಿದ ಮರುವರ್ಷ, ಎಪ್ಪತ್ತೆರಡರಲ್ಲಿ, ವಾಯರ್‌ಲೆಸ್ ಕಾರ್ಖಾನೆಯ ಎಂಜಿನಿಯರ್ ದಿಗಂಬರ, ಪರಿಚಯದ ರುದ್ರವ್ವನ ಇದೇ ಮನೆಯಲ್ಲಿ ತಲೆಗೆ ಕೈಹೊತ್ತು ಕೂತಿದ್ದ. ಏನು ಮಾಡಿದರೂ ಸೈನ್ಯದ ವಾಯರ್‌ಲೆಸ್ ಮಾತನ್ನು ವೈರಿ ಕದ್ದು ಕೇಳುತ್ತಾನೆ.

ತೆರೆಯ ಮೇಲೆ ಕುಮಾರಿ ಹಂಸಲೀಲಾ ಆಗಿದ್ದ ರುದ್ರವ್ವ ಅದಕ್ಕೂ ಮೊದಲು ನಾಟಕ ಕಂಪನಿಯಲ್ಲಿ ಕುಣಿದವಳು. ರಿಪೇರಿಗೆಂದು ಬಿಚ್ಚಿದ ರೇಡಿಯೊ ಬದಿಗಿಟ್ಟು ಅಂದಳು: “ಕುಣಿಯಾಕಿ, ತಬಲಾದವ ಒಬ್ಬರಿಗೊಬ್ಬರು ಸನ್ನಿ ಮಾಡತಾರೇನ್ರಿ? ಇಬ್ಬರ ಎದಿಯಾಗೂ ಒಂದ ಠೇಕಾ, ಒಂದ ತಾಳದ ಲೆಕ್ಕ. ಹಂಗ ಮಾತಾಡಾವ, ಕೇಳಾವ ಒಂದ ಠೇಕಾ ಹಿಡದು ಸ್ಟೇಷನ್ ಬದಲಿಸಿಕೋತ ಹೋಗ್ರಿ. ಠೇಕಾ ಗೊತ್ತಿಲ್ಲದ ಕಳ್ಳ ಎಲ್ಲೆಲ್ಲಿ ಅಂತ ಬೆನ್ನ ಹತ್ತತಾನ?”

ಆಮೇಲೆ ತಿಂಗಳುಗಟ್ಟಲೆ ಕಾರ್ಖಾನೆಯ ಹೆಂಗಸರ ನಡುವೆ ಕೂತು, ತೊಡೆ ತಟ್ಟಿ ಲೆಕ್ಕ ಹಿಡಿದು ಅದನ್ನು ಸಾಧಿಸಿಕೊಟ್ಟಳು. ದಿಲ್ಲಿಯಲ್ಲಿ ಶಾಲು ಹೊದ್ದು ಬಂದವನು ದಿಗಂಬರ. ಇವಳಿಗೆ ಸಿಕ್ಕಿದ್ದು ಆ ಹೆಂಗಸರಿಟ್ಟ ಹೆಸರು.

ಆ ದೀಪಾವಳಿಗೆ ಕರ್ಚಿಕಾಯಿ ಡಬ್ಬಿ ಹಿಡಿದು ಬಂದ ಶಿವರುದ್ರಪ್ಪನ ಕಿವಿಗೆ ಬಿದ್ದದ್ದೂ ಆ ಹೆಸರೇ. ಹೊಸ್ತಿಲಿನಿಂದಲೇ ತಿರುಗಿ ಹೋದವನು ಮತ್ತೆ ಬಂದದ್ದು ಇಷ್ಟು ವರ್ಷದ ಮೇಲೆ, ಇವತ್ತು.

*

“ಬಿನತಾರೀ! ತಾಳೀ ನಾಹೀ, ತಾರೀ!” ಏಪ್ರನ್ನಿನ ಹೆಂಗಸರಲ್ಲೊಬ್ಬಳಾದ ಗೋದಾ ಒಳಗೆ ನುಗ್ಗಿ ಕೂಗಿದಳು.

ಹೆಣಕ್ಕೆ ಗಂಧದ ಹಾರ ಹಾಕಿ ಕುರ್ಚಿಯಲ್ಲಿ ಕೂತಿದ್ದ ದಿಗಂಬರನತ್ತ ಶಾಮಲಾ ತಿರುಗಿದಳು. ಇವನೊಬ್ಬ ಒಂದು ಮಾತು ಹೇಳಿದರೆ ಸಾಕು, ದೊಡ್ಡವ್ವ ತನ್ನ ಹೆಸರು ಹೊತ್ತು ಮಣ್ಣಿಗೆ ಹೋದಾಳು. “ನೀವ ಹೇಳ್ರಿ, ಸಾಹೇಬ್ರ.”

ದಿಗಂಬರ ಕನ್ನಡಕ ಒರೆಸಿದ. “ತಾರ್ ಅಂದ್ರ ತಂತಿ. ಬಿನತಾರಿ ಅಂದ್ರ ತಂತಿ ಇಲ್ಲದ್ದು, ವಾಯರ್‌ಲೆಸ್. ಬೈಗುಳ ಅಲ್ಲ.”

“ಅಕಿಗ್ಯಾಕ ಆ ಹೆಸರು?” ಶಿವರುದ್ರಪ್ಪ ಕೇಳಿದ.

“ಕಾರ್ಖಾನಿಗೆ ಬರ್ತಿದ್ರು, ಚಹಾ ಕುಡೀತಿದ್ರು. ಸಿನಿಮಾದವರು ಬಂದ್ರ ಹೆಣ್ಣಮಕ್ಕಳಿಗೂ ಹುರುಪು, ನೋಡ್ರಿ.”

“ವೈರಿ ಕಿವಿಗೆ ಸಿಗಧಂಗ ಮಾಡಿದ ಆ ಠೇಕಾ ಯಾರದು?” ಶಾಮಲಾಳ ದನಿ ಸೀಳಿತು.

ದಿಗಂಬರ ಮತ್ತೆ ಕನ್ನಡಕ ಒರೆಸತೊಡಗಿದ. ಠೇಕಾ ಎಂಬ ಮಾತು ಹಿಡಿದ ಗೋದಾ ರುದ್ರವ್ವನತ್ತ ಬೆರಳು ತೋರಿ ಅಂದಳು: “ಬಾಯೀಂಚಾ. ಬಾಯೀಂಚಾಚ.”

ಶಿವರುದ್ರಪ್ಪ ಕುರ್ಚಿಯ ಮುಂದೆ ಬಂದು ನಿಂತ. “ನಾ ತಪ್ಪು ಕೇಳಿ ಅಕಿ ಹೊಸ್ತಿಲಾ ತುಳೀಲಿಲ್ಲ. ನೀವು ಖರೇ ಕೇಳಿ ಏನ್ ಕೊಟ್ರಿ? ಚಹಾ?”

“ಹೆಣದ ಮುಂದ ಇಂಥಾ ಮಾತು—”

“ಏಳ್ರಿ ಮ್ಯಾಲ!”

ಶಿವರುದ್ರಪ್ಪ ಅಕ್ಕನ ಕೊರಳಿಂದ ಗಂಧದ ಹಾರ ತೆಗೆದು ದಿಗಂಬರನ ಮಡಿಲಿಗೆಸೆದ. ಸಡಿಲಾದ ಪಟ್ಟಿಯನ್ನು ಅಕ್ಕನ ಎದೆಯ ಮೇಲೆ ತಾನೇ ಬಿಗಿದ. ಅದನ್ನು ತಲೆಕೆಳಗಾಗಿ ಕಟ್ಟಿದ್ದ. ಗೋದಾ ಸರಿಮಾಡಿದಳು.

ವಿಮಾನ ಎದ್ದಾಗ ಗಲ್ಲಿಯ ನಡುವೆ, ದಿಗಂಬರ ಆಗಲೇ ಹತ್ತಿ ಕೂತಿದ್ದ ಬಿಳಿ ಕಾರು ನಿಂತಿತ್ತು. ತಿರುಗಿಸಲು ಜಾಗವಿಲ್ಲ. ಹೊತ್ತವರು ನಿಲ್ಲಲಿಲ್ಲ. ಡ್ರೈವರ್ ಕತ್ತು ಹಿಂದಕ್ಕೆ ಹೊರಳಿಸಿ ಗೇಣು ಗೇಣಾಗಿ ಕಾರು ಹಿಂದೆ ಸರಿಸತೊಡಗಿದ. ಮುಂದಕ್ಕೆ ನೋಡುತ್ತ ಕೂತವನು ದಿಗಂಬರ ಒಬ್ಬನೇ. ಗಾಜಿನಾಚೆ, ಗಲ್ಲಿಯುದ್ದಕ್ಕೂ, ಎದೆಯ ಮೇಲೆ ಕೆಂಪಕ್ಷರ ಹೊತ್ತು, ನೆಟ್ಟಗೆ ಕೂತ ರುದ್ರವ್ವ ಅವನ ಎದುರೆದುರೇ ಬರುತ್ತಿದ್ದಳು.