ಸೋಮವಾರ ಮುಟ್ಟಿದ ಮಿಣಿ

ಎತ್ತು ಕಟ್ಟಿ ನೀರೆತ್ತುವ ಕಪಿಲೆ ಬಾವಿಯ ಮಿಣಿಹಗ್ಗ ಎರಡು ವರ್ಷ ಬಾಳಿಕೆ ಬರುತ್ತದೆ. ಎತ್ತು ಹತ್ತು ಹನ್ನೆರಡು ವರ್ಷ ದುಡಿಯುತ್ತದೆ. ರೇಷ್ಮೆ ಹುಳುವಿಗೆ ಮಾತ್ರ ತಿಂಗಳ ಆಯಸ್ಸೂ ಇಲ್ಲ. ಅದಕ್ಕೆ ವಾರ ತಿಥಿ ತಿಳಿಯದು, ಹೊತ್ತಿಗೆ ಸೊಪ್ಪು ಬಿದ್ದರೆ ಸಾಕು. ಇಷ್ಟು ಸಣ್ಣ ವಿಷಯ ಬೈರಾಪಟ್ಟಣದ ರೇವಣಸಿದ್ದಯ್ಯನ ತಲೆಗೆ ಹೋಗಲಿಲ್ಲ. ಅವನದು ತಲೆಯಲ್ಲ, ಗುಂಡುಕಲ್ಲು.

ಇನ್ಫ್ಲುಯೆಂಜಾ ಜ್ವರ ಬಂದುಹೋದ ಮರುವರ್ಷದ ಬೇಸಿಗೆ. ಹಿಪ್ಪುನೇರಳೆ ಒಣಗುತ್ತಿದೆಯೆಂದು ತಮ್ಮ ಚನ್ನಲಿಂಗಪ್ಪ ಒಂದು ಸೋಮವಾರ ಕಪಿಲೆಗೆ ಎತ್ತು ಹೂಡಿಬಿಟ್ಟ. ಸೋಮವಾರ ಬಸವಣ್ಣನ ಹೆಗಲ ಮೇಲೆ ನೊಗ ಇಡುವುದು ಆ ಮನೆತನದಲ್ಲೇ ಇರಲಿಲ್ಲ. ಅಣ್ಣ ಓಡಿಬಂದು ಬಾರುಕೋಲು ಕಿತ್ತುಕೊಂಡು ಊರವರ ಎದುರಿಗೇ ಬಾರಿಸಿದ. ಚನ್ನಲಿಂಗಪ್ಪನ ಬಲಗಿವಿ ಹರಿದು ಎರಡಾಯಿತು.

"ಹುಳ ಸತ್ರೆ ಸಾಯ್ಲಿ. ಇನ್ನೊಂದ್ ಸಲ ಸೋಮ್ವಾರ ಮಿಣಿ ಮುಟ್ಟುದ್ರೆ ಕೈ ಕಡ್ದಾಕ್ತೀನಿ ಕಣ್ಲಾ!"

ಸೊಪ್ಪಿಲ್ಲದೆ ಹುಳುಗಳು ಸತ್ತೇಹೋದವು. ತಟ್ಟೆ ತಟ್ಟೆಯಲ್ಲಿ ಕಪ್ಪಗಾಗಿ ನಾರುತ್ತಿದ್ದ ಹುಳುಗಳನ್ನು ತಿಪ್ಪೆಗೆ ಸುರಿದಾಗ ಚನ್ನಲಿಂಗಪ್ಪ ನಿರ್ಧರಿಸಿದ: ಅಣ್ಣನೂ ಸಾಯಬೇಕು.

ದಾರಿ ಸುಲಭವಿತ್ತು. ಎತ್ತುಗಳು ಇಳಿಜಾರಿನಲ್ಲಿ ಮಿಣಿ ಎಳೆಯುವಾಗ ಅಣ್ಣ ಭಾರಕ್ಕೆಂದು ಅದರ ಮೇಲೆ ಕೂರುತ್ತಿದ್ದ. ಅವನಿಗೂ ನೊಗಕ್ಕೂ ನಡುವೆ ಹಗ್ಗ ಕಿತ್ತರೆ, ನೀರು ತುಂಬಿದ ಬಾನಿಯ ತೂಕ ಅವನನ್ನು ದರದರ ಎಳೆದು ಬಾವಿಯ ಕಲ್ಲಿಗೆ ಅಪ್ಪಳಿಸುತ್ತದೆ. ಮುಂದಿನ ಸೋಮವಾರ ಬೆಳಗ್ಗೆ, ಯಾರೂ ಹಗ್ಗದ ತಂಟೆಗೆ ಹೋಗದ ದಿನವೆಂದೇ, ಚನ್ನಲಿಂಗಪ್ಪ ಆ ಜಾಗವನ್ನು ಕುಡುಗೋಲಿನಿಂದ ಅರ್ಧ ಕೊಯ್ದು ಕೆಸರು ಬಳಿದ. ಮಂಗಳವಾರಕ್ಕೆ ಎಲ್ಲ ಮುಗಿಯಬೇಕು.

ಮನೆಗೆ ಬಂದು ಮುಖಕ್ಕೆ ನೀರು ಹಾಕಿಕೊಳ್ಳುವಷ್ಟರಲ್ಲಿ ಬಾವಿ ಕಡೆಯಿಂದ ಕೂಗು ಬಂತು. ಪೂಜೆಗೆ ನೀರು ಸೇದಲು ಹೋಗಿದ್ದ ಅವನ ಹೆಂಡತಿ ಗಿರಿಜಾಂಬ ಕಾಲುಜಾರಿ ಒಳಗೆ ಬಿದ್ದಿದ್ದಳು. ಅವನು ಬಿದ್ದಂಬೀಳ ಓಡಿದ. ಆ ಹೊತ್ತಿಗೆ ಅಣ್ಣ ಬಾನಿ ಬಿಚ್ಚಿ, ಅದೇ ಮಿಣಿಯನ್ನು ಸೊಂಟಕ್ಕೆ ಬಿಗಿದುಕೊಂಡು ಬಾವಿಗೆ ಇಳಿದಾಗಿತ್ತು. ಹಗ್ಗವನ್ನು ನೆರೆಮನೆಯ ಬೈರಪ್ಪ ಮತ್ತು ನಾಲ್ಕು ಜನ ಹಿಡಿದಿದ್ದರು.

"ಅವ್ಳು ಸಿಕ್ಕುದ್ಲು! ಎಳೀರ್ಲಾ! ಎತ್ತು ಕಟ್ಬ್ಯಾಡಿ!" ಎಂದು ಅಣ್ಣ ಒಳಗಿನಿಂದ ಅರಚಿದ. ಸಾಯುವಾಗಲೂ ಅವನಿಗೆ ಸೋಮವಾರದ್ದೇ ಚಿಂತೆ.

ಎಳೆದರು. ಕೊಯ್ದ ಜಾಗ ಬೈರಪ್ಪನ ಕೈಗಿಂತ ಮುಂದೆ, ಬಾವಿಯ ಕಡೆಗೇ ಇತ್ತು. ಕೆಸರು ಉದುರಿ ಒಂದೊಂದೇ ಎಳೆ ಚಟ್ ಚಟ್ ಎಂದು ಕಿತ್ತುಬರತೊಡಗಿತು. ಆ ಹಗ್ಗದ ತುದಿಯಲ್ಲಿ ಚನ್ನಲಿಂಗಪ್ಪ ಕೊಲ್ಲಬೇಕೆಂದವನೂ ಇದ್ದ, ಅವನ ಗಿರಿಜೆಯೂ ಇದ್ದಳು. ಚನ್ನಲಿಂಗಪ್ಪ ಮುಂದಕ್ಕೆ ಹಾರಿ, ಕೊಯ್ತದ ಆಚೆ ಈಚೆ ಎರಡೂ ಕಡೆ ಹಗ್ಗವನ್ನು ಎಡಗೈಗೆ ಸುತ್ತಿಕೊಂಡ.

ಹಗ್ಗ ಕಿತ್ತಿತು. ಎರಡಾಳಿನ ಭಾರ ಅವನ ತೋಳಿಗೆ ಬಿತ್ತು. ಮೊಳಕೈ ಕಳಚಿದ ಸದ್ದು ಎಲ್ಲರಿಗೂ ಕೇಳಿಸಿತು. ಸುತ್ತಿನ ಅಡಿಯಲ್ಲಿ ಚರ್ಮ ಸುಲಿದು ಮಾಂಸ ಕಿತ್ತು ಬಿಳಿ ಮೂಳೆ ಕಂಡಿತು. ಅವನು ಊಳಿಡುತ್ತಲೇ ಇದ್ದ, ಬಿಡಲಿಲ್ಲ. ಅವನನ್ನೂ ಹಗ್ಗದ ಜೊತೆಗೇ ಎಳೆದರು.

ಗಿರಿಜಾಂಬಳನ್ನು ದಡದಲ್ಲಿ ಮಲಗಿಸಿ ಅಣ್ಣ ಓಡಿಬಂದ. ತಮ್ಮನ ತೋಳಿಂದ ಮಿಣಿ ಬಿಡಿಸುತ್ತಿದ್ದವನು ಅದರ ತುದಿ ನೋಡಿ ನಿಂತ. ಅರ್ಧ ಜೂಲುಜೂಲಾಗಿ ಕಿತ್ತಿತ್ತು, ಅರ್ಧ ಬಾಳೆದಿಂಡು ಕೊಯ್ದ ಹಾಗೆ ನೇರವಾಗಿತ್ತು. ಅವನು ತಮ್ಮನ ಮುಖ ನೋಡಿದ. ನೋಡಿ ಎದೆಗೆ ಒದ್ದ. ಮತ್ತೊಮ್ಮೆ ಒದ್ದ. ಬಾಯಿಂದ ರಕ್ತ ಬಂತು.

"ಭಾವ, ಬುಡಿ!" ಗಿರಿಜಾಂಬ ತೆವಳಿಕೊಂಡು ಬಂದು ಅಡ್ಡ ಬಿದ್ದಳು. "ನಿಮ್ ಪ್ರಾಣ ಉಳ್ಸೋಕೆ ಕೈ ಕಳ್ಕೊಂಡವ್ರೆ. ಯಾಕ್ ಒದೀತೀರಿ?"

ಊರೆಲ್ಲ ಅವನ ಉತ್ತರಕ್ಕೆ ಕಾದಿತ್ತು. ರೇವಣಸಿದ್ದಯ್ಯ ಎತ್ತಿದ ಕಾಲನ್ನು ಮೆಲ್ಲಗೆ ಇಳಿಸಿದ.

"ಸೋಮ್ವಾರ ಮಿಣಿ ಮುಟ್ಟವ್ನೆ," ಅಂದ. "ಅದ್ಕೆ."

"ನಿಮ್ ಸೋಮ್ವಾರಕ್ಕೆ ಬೆಂಕಿ ಬೀಳ!" ಎಂದು ಗಿರಿಜಾಂಬ ಮಣ್ಣು ತೂರಿದಳು. ಬೈರಪ್ಪನೂ ಥೂ ಎಂದು ಉಗಿದ. ಅಣ್ಣ ಆ ಕೊಯ್ದ ತುದಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ಮಿಣಿ ಸುತ್ತಿ ಮನೆ ಕಡೆ ನಡೆದ.

ಗಿರಿಜಾಂಬ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ನನ್ ದ್ಯಾವ್ರು ನೀನು, ನಾನಿರೋಗಂಟ ಮರೆಯಾಕಿಲ್ಲ," ಎಂದು ಅಳತೊಡಗಿದಳು. ಅಣ್ಣ ವಾಪಸು ಬಂದು ಇನ್ನೊಂದು ಒದೆ ಕೊಡಬಾರದೇ ಅನ್ನಿಸಿತು ಚನ್ನಲಿಂಗಪ್ಪನಿಗೆ.