ತೆಗೆದುಹಾಕಿದ ಸಾಲು

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ಕಳ್ಳತನದಿಂದ ಶುರು ಮಾಡಿದರೆ ಮೊದಲ ಸಾಲಿಗೇ ಅವನನ್ನು ಕಳ್ಳ ಅಂದುಬಿಡುತ್ತೀರಿ. ಅವನ ಹೆಂಡತಿಯ ಕಣ್ಣೀರಿನಿಂದ ಶುರು ಮಾಡಿದರೆ ನಿಮ್ಮ ಕನಿಕರ ಕದಿಯುತ್ತಿದ್ದೇನೆಂದು ನನ್ನನ್ನು ಕಳ್ಳ ಅನ್ನುತ್ತೀರಿ. (ಎರಡೂ ತಕ್ಕಮಟ್ಟಿಗೆ ನಿಜ.)

೧. ಅವನು ಬೀಗ ರಿಪೇರಿಯವನು. ಒಂದು ಮಧ್ಯಾಹ್ನ ಯಾರೂ ಇಲ್ಲದ ಮನೆಯೊಂದರ ಬಾಗಿಲು ತೆರೆದು ಒಡವೆ ಕದ್ದ. ಸಿಕ್ಕಿಬಿದ್ದ, ಒಪ್ಪಿಕೊಂಡ. ಅಂಥ ತಪ್ಪಿಗೆ ಆ ಕೋರ್ಟಿನಲ್ಲಿ ಸಾಮಾನ್ಯವಾಗಿ ಎರಡು ವರ್ಷ. ಜಡ್ಜು ಐದು ಕೊಟ್ಟರು. ಕಾರಣವನ್ನೂ ಬರೆದರು: ‘ಬೀಗಕ್ಕೆ ಒಂದು ಗೀರೂ ಬೀಳದಂತೆ ತೆರೆದಿರುವುದನ್ನು ನೋಡಿದರೆ, ಇದು ಈತನ ಮೊದಲ ಕಳ್ಳತನವಲ್ಲವೆಂಬ ಅನುಮಾನ ಬರುತ್ತದೆ.’ ಬೀಗದವನಿಗೆ ಬೀಗ ತೆರೆಯಲು ಬರುತ್ತದೆ ಎಂಬುದೇ ಅವರಿಗೆ ಸೋಜಿಗ.

೨. (ಹರಿದು ಬುಟ್ಟಿಗೆ ಹಾಕಿದ್ದೇನೆ. ಇದರಲ್ಲಿ ಅವನು ಹಿಂದೆಯೂ ಕೆಲವು ಮನೆಗಳಿಗೆ ಕನ್ನ ಹಾಕಿದ್ದ. ಪಾತ್ರಕ್ಕೆ ಸ್ವಲ್ಪ ಡೆಪ್ತ್ ಇರಲಿ ಅಂತ.) ಅವನ ಹೆಂಡತಿ ಚೂರುಗಳನ್ನು ಜೋಡಿಸಿ ಓದಿ, ಸೀದಾ ನನ್ನ ಮೇಜಿನ ಮುಂದೆ ಬಂದು ನಿಂತಳು.

“ನೀವು ನೋಡಿದ್ರಾ?”

“ಇಲ್ಲಮ್ಮ. ಕಥೆ ಅಲ್ವಾ, ಊಹೆ.”

“ಜಡ್ಜ್ ಸಾಹೇಬ್ರೂ ಊಹೇನೇ ಮಾಡಿದ್ದು. ನಮ್ಮನೆಯವ್ರು ಕದ್ದಿದ್ದು ಒಂದು ಮನೇಲಿ. ಅದಕ್ಕೆ ಏನ್ ಕೊಡ್ತೀರೋ ಕೊಡಿ. ಕದೀದೇ ಇರೋ ಮನೆಗಳಿಗೆಲ್ಲ ಯಾಕೆ ಒಳಗಿರ್ಬೇಕು?”

ನನಗೆ ಸಿಟ್ಟು ಬಂತು. ಪಾತ್ರಗಳಿಗೆ ಸಲುಗೆ ಕೊಟ್ಟರೆ ಹೀಗೇ, ತಲೆಯ ಮೇಲೆ ಹತ್ತಿ ಕೂರುತ್ತವೆ.

೪. (ಮೂರು ಎಲ್ಲಿ ಅಂತ ಕೇಳಬೇಡಿ. ಅದರಲ್ಲಿ ಮೇಲಿನ ಕೋರ್ಟು ನ್ಯಾಯ ಕೊಟ್ಟಿತ್ತು. ಬರೆದ ನನಗೇ ನಂಬಿಕೆ ಬರಲಿಲ್ಲ.) ಅಪೀಲಿನ ತೀರ್ಪು ಬಹಳ ಸಭ್ಯವಾಗಿತ್ತು: ‘ಅನುಮಾನದ ಮೇಲೆ ಶಿಕ್ಷೆ ಹೆಚ್ಚಿಸುವುದು ತಪ್ಪು. ಆ ಸಾಲನ್ನು ತೆಗೆದುಹಾಕಲಾಗಿದೆ. ಆದರೂ ಒಟ್ಟಾರೆ ನೋಡಿದಾಗ ಐದು ವರ್ಷ ಅತಿಯೆನಿಸುವುದಿಲ್ಲ. ಅಪೀಲು ವಜಾ.’

“ಪಾಯಿಂಟ್ ನಾವೇ ಗೆದ್ವಿ ಕಣಮ್ಮ,” ಅಂದರು ವಕೀಲರು, ಕಾರಿಡಾರಿನಲ್ಲಿ.

“ಸಾಲು ತೆಗೆದ್ರು. ಆ ಸಾಲಿಗೆ ಅಂತ ಕೊಟ್ಟ ವರ್ಷಗಳನ್ನ ತೆಗೀಲಿಲ್ವಲ್ಲ?”

ವಕೀಲರು ಗೌನು ಮಡಚಿ ಚೀಲಕ್ಕೆ ತುರುಕುತ್ತಿದ್ದರು.

ಇನ್ನು ಕೊನೆ. ಎರಡು ಬರೆದಿದ್ದೇನೆ. ಒಂದರಲ್ಲಿ ಅವನು ಮನೆಗೆ ಬಂದಾಗ ಮಗಳು ಓಡಿಬಂದು ಅಪ್ಪಿಕೊಳ್ಳುತ್ತಾಳೆ. ಇನ್ನೊಂದರಲ್ಲಿ ಯಾರು ಬೇಕಿತ್ತು ಅಂತ ಕೇಳುತ್ತಾಳೆ. ಆರಿಸಿಕೊಳ್ಳಿ. (ನಾನು ಹರಿದುಹಾಕಿದ ಆ ಮನೆಗಳು ನಿಮ್ಮ ತಲೆಯಿಂದ ಹೋದವೇ? ನನ್ನ ತಲೆಯಿಂದ ಹೋಗಿಲ್ಲ. ನಾಚಿಕೆಯಾಗುತ್ತದೆ.)

ಅವನ ಹೆಂಡತಿ ಎರಡನ್ನೂ ಓದಿ ಹಾಳೆಗಳನ್ನು ವಾಪಸು ಕೊಟ್ಟಳು.

“ಮುಗೀತು ಅಂತ ಮಾತ್ರ ಬರೀಬೇಡಿ ಸಾರ್. ಅವರಿನ್ನೂ ಒಳಗಿದ್ದಾರೆ.”